ಮಾವ ಹಿಡಿದ ಮೊಲಕ್ಕೆ ಎರಡು ಜಾತಿ

ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗನ್ನು ಮ್ಯೂಟ್‌ಗೆ ಹಾಕಿ ಟೀ ಕುಡೀತಿದ್ದೆ. ಫ್ಯಾಮಿಲಿ ಗ್ರೂಪಿಗೆ ಹರಿಹರದ ಸೋದರಮಾವನಿಂದ ಒಂದು ಫೋಟೊ ಬಂತು. ಹುಲ್ಲಿನ ಗೂಡಿನಲ್ಲಿ ಆರು ಮೊಲದ ಮರಿ, ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಎರಡು ಬಿಳಿ, ನಾಲ್ಕು ಮಣ್ಣಿನ ಬಣ್ಣದವು. ಹಿಂದೆಯೇ ವಾಯ್ಸ್ ನೋಟ್.

‘ನೋಡ್ರಪಾ, ನಮ್ಮ ಬಿಳಿ ಮೊಲ ಕಾಡು ಮೊಲದ ಜೊತಿ ಸಂಸಾರ ಮಾಡ್ಕೊಂಡು ಬಂದೈತಿ. ಕ್ರಾಸ್ ಜಾತಿ! ನಮ್ಮ ಹರಿಹರೇಶ್ವರ ಇದ್ದಂಗೆ, ಅರ್ಧ ಇದು, ಅರ್ಧ ಅದು. ಇಡೀ ಜಿಲ್ಲೆಯಾಗೆ ಇಂಥವು ಎಲ್ಲೂ ಇಲ್ಲ.’

ಹತ್ತು ನಿಮಿಷದಲ್ಲಿ ಹದಿನೈದು ಥಂಬ್ಸ್‌ಅಪ್. ದೊಡ್ಡಮ್ಮ ಕೈಮುಗಿಯೋ ಇಮೋಜಿ ಹಾಕಿದ್ರು, ಯಾಕೆ ಅಂತ ಗೊತ್ತಿಲ್ಲ. ಚಿಕ್ಕಪ್ಪನ ಮಗ ‘ರೇಟ್ ಎಷ್ಟು?’ ಅಂದ. ನನ್ನ ಅಕ್ಕ ಮಾತ್ರ ಏನೂ ಹಾಕಲಿಲ್ಲ. ಅವಳು ಆ ಗ್ರೂಪಿನಲ್ಲಿ ಐದು ವರ್ಷದಿಂದ ಏನೂ ಹಾಕಿಲ್ಲ.

ಅದನ್ನೂ ಇಲ್ಲೇ ಹೇಳಿಬಿಡ್ತೀನಿ. ಅಕ್ಕ ತನಗೆ ಬೇಕಾದವನನ್ನು ಮದುವೆಯಾದಳು, ಹುಡುಗ ಬೇರೆ ಜಾತಿ. ಮದುವೆಗೆ ಮಾವ ಬರಲಿಲ್ಲ. ‘ಬೆರಕೆ ಮಾಡ್ಕೊಂಡು ಕೂತ್ರೆ ಮನೆತನ ಉಳಿತೈತೇನಲೇ’ ಅಂತ ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಂಥ ಮಾವ ಈಗ ಮೊಲದ ಬೆರಕೆ ಮರಿಗಳನ್ನು ಹಿಡಿದು ಜಿಲ್ಲೆಗೇ ಡಂಗುರ ಸಾರ್ತಿದಾರೆ. ನನಗೆ ನಗು ಬಂತು, ಸಿಟ್ಟೂ ಬಂತು. ‘ಮಾವ, ಅದು ಸಾಧ್ಯವೇ ಇಲ್ಲ’ ಅಂತ ಟೈಪ್ ಮಾಡಿ ಕಳಿಸಿದೆ.

ಸಾಧ್ಯವಿಲ್ಲ ಅಂತ ನನಗೆ ನಿಜಕ್ಕೂ ಗೊತ್ತಿತ್ತಾ? ಇರಲಿಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಜೀವಶಾಸ್ತ್ರ ಬಿಟ್ಟಿದ್ದು ಪಿಯುಸಿಯಲ್ಲಿ. ಆದರೆ ಗ್ರೂಪಿನಲ್ಲಿ ಒಂದು ಸಲ ಮಾತಾಡಿದ ಮೇಲೆ ಹಿಂದೆ ಸರಿಯೋಕೆ ಆಗಲ್ಲ, ನಿಮಗೂ ಗೊತ್ತಲ್ಲ. ನಾ ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ಮಾವನಿಗೆ ಮಾತ್ರ ಅನ್ವಯಿಸೋ ಗಾದೆ ಅಲ್ಲ. ಆ ರಾತ್ರಿ ಒಂದೂವರೆ ತನಕ ಓದುತ್ತಾ ಕೂತೆ.

ಮೊದಲು ಗೊತ್ತಾಗಿದ್ದು ನಮ್ಮ ಭಾಷೆಯ ತಂಟೆ. ಕನ್ನಡದಲ್ಲಿ ಎಲ್ಲವೂ ಮೊಲವೇ. ಇಂಗ್ಲಿಷಿನಲ್ಲಿ ಹೇರ್ ಬೇರೆ, ರ‍್ಯಾಬಿಟ್ ಬೇರೆ. ಅಂಗಡಿಯಲ್ಲಿ ಸಿಗೋ ಸಾಕು ಮೊಲ ಯುರೋಪಿನ ರ‍್ಯಾಬಿಟ್‌ನ ವಂಶ. ಅದು ಬಿಲ ತೋಡುತ್ತೆ, ಗುಂಪಿನಲ್ಲಿ ಇರುತ್ತೆ. ನಮ್ಮ ಹೊಲದ ಮೊಲ ಹೇರ್, ಲೆಪಸ್ ಅನ್ನೋ ಕುಲದ್ದು. ಅದು ಬಿಲ ತೋಡಲ್ಲ. ಹುಲ್ಲಿನ ಮಧ್ಯೆ ಮೈ ಅಗಲದ ಒಂದು ತಗ್ಗು ಮಾಡಿಕೊಂಡು ಹಗಲೆಲ್ಲ ಅಲ್ಲೇ ಒತ್ತಿಕೊಂಡು ಕೂರುತ್ತೆ. ಕಾಲಿನ ಹತ್ತಿರ ಬರೋವರೆಗೂ ಅಲ್ಲಾಡಲ್ಲ, ಆಮೇಲೆ ಎದೆ ಝಲ್ಲೆನ್ನೋ ಹಾಗೆ ನೆಗೆದು ಓಡುತ್ತೆ. ಹಳ್ಳಿ ಕಡೆ ಬೆಳೆದವರಿಗೆ ಈ ಅನುಭವ ಆಗಿರುತ್ತೆ. ಕತ್ತಿನ ಹಿಂದೆ ಕರಿ ಪಟ್ಟೆ ಇರೋದೇ ನಮ್ಮ ಮೊಲದ ಗುರುತು.

ಎರಡೂ ಕಡೆಯ ಹಿರಿಯರು ಬೇರೆಬೇರೆಯಾಗಿ ಸುಮಾರು ಒಂದು ಕೋಟಿ ವರ್ಷ ಆಗಿದೆ. ಸಾಕು ಮೊಲದ ಜೀವಕೋಶದಲ್ಲಿ 44 ವರ್ಣತಂತು. ಲೆಪಸ್ ಮೊಲಗಳಲ್ಲಿ 48. ಬರೀ ಸಂಖ್ಯೆ ಬೇರೆ ಇದ್ದಮಾತ್ರಕ್ಕೆ ಮರಿ ಆಗಲ್ಲ ಅಂತಲ್ಲ. ಕುದುರೆಗೆ 64, ಕತ್ತೆಗೆ 62, ಆದರೂ ಹೇಸರಗತ್ತೆ ಹುಟ್ಟುತ್ತೆ, ಅದಕ್ಕೆ ಮುಂದೆ ಮರಿ ಆಗಲ್ಲ ಅಷ್ಟೇ. ರ‍್ಯಾಬಿಟ್-ಹೇರ್ ಮಧ್ಯೆ ಅದೂ ಆಗಲ್ಲ. ಗಿಟ್‌ನಲ್ಲಿ ಬ್ರ್ಯಾಂಚ್ ಮಾಡಿ ವರ್ಷಗಟ್ಟಲೆ ಮರೆತು, ಆಮೇಲೆ ಮರ್ಜ್ ಮಾಡೋಕೆ ಹೋದವರಿಗೆ ಈ ನೋವು ಗೊತ್ತು. ಇಲ್ಲಿ ಮರೆತಿರೋದು ಒಂದು ಕೋಟಿ ವರ್ಷ.

ಹಾಗಾದ್ರೆ ಮಣ್ಣಿನ ಬಣ್ಣ ಎಲ್ಲಿಂದ ಬಂತು? ಇದು ನನ್ನ ಕೆಲಸದ ಭಾಷೆಯಲ್ಲಿ ಶುದ್ಧ ಡೀಬಗ್ಗಿಂಗ್. ಲಾಗ್ ತೆಗೆದೆ, ಅಂದ್ರೆ ವಾಟ್ಸ್‌ಆ್ಯಪ್ ಚಾಟ್ ಮೇಲಕ್ಕೆ ಎಳೆದೆ. ಡಿಸೆಂಬರ್ 5: ದಾವಣಗೆರೆಯಿಂದ ಮಗಳಿಗೆ ಬಿಳಿ ಮೊಲ ತಂದೆ ಅಂತ ಮಾವನ ಫೋಟೊ. ಡಿಸೆಂಬರ್ 15: ‘ಮೊಲ ತಪ್ಪಿಸ್ಕೊಂಡೈತಿ, ಪಕ್ಕದ ಹೊಲದಾಗೆ ಹುಡುಕಾಕತ್ತೀವಿ.’ ಡಿಸೆಂಬರ್ 17: ‘ಸಿಕ್ತು.’ ಜನವರಿ 1: ‘ಹ್ಯಾಪಿ ನ್ಯೂ ಇಯರ್, ಮೊಲ ಮರಿ ಹಾಕೈತಿ’, ಜೊತೆಗೆ ಮೈಮೇಲೆ ಕೂದಲೇ ಇಲ್ಲದ ಗುಲಾಬಿ ಬಣ್ಣದ ಆರು ಜೀವ.

ಸಾಕು ಮೊಲ ಗರ್ಭ ಧರಿಸೋದು ಸುಮಾರು 31 ದಿನ. ತಪ್ಪಿಸಿಕೊಂಡು ಮರಿ ಹಾಕೋಕೆ ಮಧ್ಯೆ ಇದ್ದಿದ್ದು 17 ದಿನ. ತಂದ ದಿನದಿಂದ ಲೆಕ್ಕ ಹಾಕಿದ್ರೂ 27. ಅಂದ್ರೆ ಅದು ಮಾವನ ಮನೆಗೆ ಬರೋಕೆ ಮುಂಚೆಯೇ ಬಸುರಿ. ಮಾರೋನ ಶೆಡ್ಡಿನಲ್ಲಿ ಬಿಳಿ, ಕಪ್ಪು, ಕಂದು ಎಲ್ಲಾ ಒಂದೇ ಕಡೆ ಇದ್ದವಂತೆ, ಅತ್ತೆ ಆಮೇಲೆ ಹೇಳಿದ್ರು.

ಇನ್ನೂ ಒಂದು ಸಾಕ್ಷಿ ಆ ಹೊಸ ವರ್ಷದ ಫೋಟೊದಲ್ಲೇ ಇತ್ತು. ಸಾಕು ಮೊಲದ ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಹೊಲದ ಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟುಕೊಂಡೇ ಬರುತ್ತೆ. ಬಿಲ ಇಲ್ಲದ ತಾಯಿಗೆ ಕುರುಡು ಮರಿ ಸಾಕೋಕೆ ಆಗುತ್ತಾ ಹೇಳಿ. ಮೂರನೇದು, ಆ ಎರಡು ಬಿಳಿ ಮರಿ. ಕೆಂಪು ಕಣ್ಣಿನ ಬಿಳಿ ಮೊಲ ಅಂದ್ರೆ ಬಣ್ಣ ಹುಟ್ಟಿಸೋ ಜೀನು ಎರಡೂ ಕಡೆಯಿಂದ ಕೆಟ್ಟಿದೆ ಅಂತ. ಬಿಳಿ ಮರಿ ಆಗಬೇಕಾದ್ರೆ ಅಪ್ಪನೂ ಆ ಕೆಟ್ಟ ಪ್ರತಿಯನ್ನು ಒಂದು ಇಟ್ಟುಕೊಂಡಿರಲೇಬೇಕು. ಮೆಂಡೆಲ್ ಬಟಾಣಿ ಗಿಡ ನೆನಪಿದ್ಯಾ? ಅದೇ. ಅಂಗಡಿ ಮೊಲಗಳಲ್ಲಿ ಅಂಥ ಅಪ್ಪಂದಿರು ಬೇಕಾದಷ್ಟು ಸಿಗ್ತಾರೆ.

ಕೇಸು ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಬೇಕಿತ್ತು. ಆದರೆ ಓದ್ತಾ ಓದ್ತಾ, ಮಾವ ಮಾಡಿದ ಇದೇ ತಪ್ಪನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬ ದೊಡ್ಡ ವಿಜ್ಞಾನಿಯೂ ಮಾಡಿದ್ದ ಅನ್ನೋದು ಸಿಕ್ಕಿತು. ಪಾಲ್ ಬ್ರೋಕಾ ಅನ್ನೋ ಫ್ರೆಂಚ್ ವೈದ್ಯ. ಮೆದುಳಿನಲ್ಲಿ ಮಾತಿನ ಜಾಗ ಎಲ್ಲಿದೆ ಅಂತ 1861ರಲ್ಲಿ ತೋರಿಸಿದವನು, ಇವತ್ತಿಗೂ ಆ ಭಾಗಕ್ಕೆ ಅವನದೇ ಹೆಸರು. ಅವನ ಕಾಲದಲ್ಲಿ ಫ್ರಾನ್ಸಿನ ಆಂಗೂಲೇಮ್ ಊರಿನ ರೂ ಅನ್ನೋ ಒಬ್ಬ, ಹೇರ್ ಮತ್ತು ರ‍್ಯಾಬಿಟ್ ಕೂಡಿಸಿ ಬೆರಕೆ ಮೊಲ ಬೆಳೆಸಿದ್ದೀನಿ ಅಂತ ಹೇಳಿಕೊಂಡಿದ್ದ. ಅವಕ್ಕೆ ಲೆಪೊರೀಡ್ ಅಂತ ಹೆಸರೂ ಆಯ್ತು. ಬ್ರೋಕಾ ಅದನ್ನು ನಂಬಿದ. ನಂಬಿ ಸುಮ್ಮನಿರಲಿಲ್ಲ. ನೋಡಿ, ಎರಡು ಬೇರೆ ಪ್ರಭೇದಗಳೂ ಕೂಡಿ ಸಂತಾನ ಬೆಳೆಸಬಲ್ಲವು. ಹಾಗಾದ್ರೆ ಕರಿಯರು ಬಿಳಿಯರು ಮದುವೆಯಾಗಿ ಮಕ್ಕಳಾಗ್ತಾವೆ ಅಂದಮಾತ್ರಕ್ಕೆ ಮನುಷ್ಯರೆಲ್ಲ ಒಂದೇ ಪ್ರಭೇದ ಅಂತ ಸಾಬೀತಾಗಲ್ಲ ಅನ್ನೋ ವಾದಕ್ಕೆ ಆ ಮೊಲಗಳನ್ನು ಬಳಸಿಕೊಂಡ. 1858ರಲ್ಲಿ ಇದನ್ನು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದಲ್ಲಿ ಓದೋಕೆ ಹೋದಾಗ ತಕರಾರು ಬಂತು. ಮರುವರ್ಷ, 1859ರಲ್ಲಿ, ಅವನು ಮಾನವಶಾಸ್ತ್ರದ ತನ್ನದೇ ಸಂಘ ಕಟ್ಟಿದ. ಅಲ್ಲಿ ತಲೆಬುರುಡೆ ಅಳೆದು ಯಾರು ಮೇಲು, ಯಾರು ಕೀಳು ಅನ್ನೋ ಲೆಕ್ಕ ವರ್ಷಗಟ್ಟಲೆ ನಡೀತು.

ಆ ಲೆಪೊರೀಡ್‌ಗಳು? ಬರೀ ರ‍್ಯಾಬಿಟ್ಟುಗಳು. ಬೆರಕೆ ಆಗಿರಲೇ ಇಲ್ಲ.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕನ್ನಡದಲ್ಲಿ ಪುಸ್ತಕದವರು ಪ್ರಭೇದ ಅಂತಾರೆ, ಮಾವ ಜಾತಿ ಅಂತಾರೆ. ಮಾವಿನ ಹಣ್ಣಿಗೂ ಜಾತಿ, ನಾಯಿಗೂ ಜಾತಿ, ಅಳಿಯನಿಗೂ ಜಾತಿ. ಒಂದೇ ಪದ ಇದ್ದರೆ ತಲೆಯಲ್ಲಿ ಎರಡು ವಿಷಯ ಅಂಟಿಕೊಳ್ಳುತ್ತವೆ. ಅಕ್ಕ-ಭಾವನ ಮಧ್ಯೆ 44-48ರ ವ್ಯತ್ಯಾಸ ಇಲ್ಲ, ಇಬ್ಬರಿಗೂ 46. ಇಷ್ಟು ಹೇಳಿ ಅದನ್ನು ಬಿಡ್ತೀನಿ, ಮೊಲದ ಕತೆಯಿಂದ ಮನುಷ್ಯರಿಗೆ ಪಾಠ ಹೇಳೋಕೆ ಹೋದವನ ಗತಿ ಈಗಷ್ಟೇ ನೋಡಿದೆವಲ್ಲ.

ಆದರೆ ಕಾಡಿನ ಹೇರ್-ಹೇರ್‌ಗಳ ಮಧ್ಯೆ? ಅಲ್ಲಿ ಕತೆಯೇ ತಿರುಗಾಮುರುಗಾ. ಲೆಪಸ್ ಕುಲದಲ್ಲಿ ಪ್ರಪಂಚದಾದ್ಯಂತ ಮೂವತ್ತರಷ್ಟು ಪ್ರಭೇದ ಇವೆ, ಎಲ್ಲದಕ್ಕೂ ಅದೇ 48 ವರ್ಣತಂತು. ಬೇರೆಯಾಗಿ ತುಂಬ ಕಾಲವೂ ಆಗಿಲ್ಲ. ಹಾಗಾಗಿ ಎರಡು ಪ್ರಭೇದ ಒಂದೇ ಬಯಲಿನಲ್ಲಿ ಎದುರಾದರೆ ಆಗಾಗ ಬೆರೆತುಬಿಡ್ತವೆ.

ನನಗೆ ಅತಿ ಇಷ್ಟವಾದದ್ದು ಸ್ಪೇನ್-ಪೋರ್ಚುಗಲ್‌ನ ಮೊಲ. ಅಲ್ಲಿ ಐಬೀರಿಯನ್ ಹೇರ್ ಅಂತ ಒಂದು ಪ್ರಭೇದ ಇದೆ. ಬಿಸಿಲಿನ ಬಯಲು ಮೊಲ, ಹೆಚ್ಚುಕಡಿಮೆ ನಮ್ಮದರ ಹಾಗೆ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದ ತಂಡ ಅವುಗಳ ಮೈಟೊಕಾಂಡ್ರಿಯ ಡಿಎನ್‌ಎ ಪರೀಕ್ಷಿಸಿತು. ಉತ್ತರದ ಕಡೆಯ ಬಹಳಷ್ಟು ಮೊಲಗಳಲ್ಲಿ ಇದ್ದಿದ್ದು ಐಬೀರಿಯನ್ ಮೊಲದ್ದಲ್ಲ, ಹಿಮ ಮೊಲದ್ದು! ಹಿಮ ಮೊಲ ಇವತ್ತು ಇರೋದು ಆಲ್ಪ್ಸ್, ಸ್ಕಾಟ್ಲೆಂಡ್, ಸ್ಕ್ಯಾಂಡಿನೇವಿಯಾ, ಸೈಬೀರಿಯಾ ಕಡೆ. ಸ್ಪೇನಿನಲ್ಲಿ ಒಂದೂ ಇಲ್ಲ. ಕಡೆಯ ಹಿಮಯುಗದಲ್ಲಿ ಅಲ್ಲಿತ್ತು. ಹಿಮ ಕರಗಿತು, ಮೊಲ ಹೋಯಿತು, ಹೋಗುವಾಗ ತನ್ನ ಹೆಣ್ಣುಮಕ್ಕಳ ಗುರುತನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋಯಿತು. 2005ರಲ್ಲಿ ಜೋಸೆ ಮೆಲೊ-ಫೆರೇರಾ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ಇದು ಹೇಗೆ ಉಳಿಯುತ್ತೆ? ಮಾವನ ಹರಿಹರೇಶ್ವರಕ್ಕೇ ಬರೋಣ. ಗೊತ್ತಿಲ್ಲದವರಿಗೆ: ಹರಿಹರದ ದೇವಸ್ಥಾನ 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿ ನೆತ್ತಿಯಿಂದ ಪಾದದವರೆಗೆ ಅರ್ಧ ಹರ, ಅರ್ಧ ಹರಿ. ಬೆರಕೆ ಅಂದ ತಕ್ಷಣ ನಮಗೆಲ್ಲ ಬರೋ ಚಿತ್ರ ಅದೇ, ಸರಿಯಾಗಿ ಅರ್ಧರ್ಧ. ಆದರೆ ಜೀವಿಗಳಲ್ಲಿ ಅರ್ಧರ್ಧ ಇರೋದು ಮೊದಲ ತಲೆಮಾರಿಗೆ ಮಾತ್ರ. ಆ ಮರಿ ದೊಡ್ಡದಾಗಿ ಮತ್ತೆ ಐಬೀರಿಯನ್ ಗಂಡಿನ ಜೊತೆ ಕೂಡಿದ್ರೆ ಹಿಮ ಮೊಲದ ಪಾಲು ಕಾಲು ಭಾಗ. ಅದರ ಮಗಳಲ್ಲಿ ಅರೆಕಾಲು. ಹೀಗೇ ಏಳನೇ ತಲೆಮಾರಿಗೆ ಬಂದ್ರೆ ಶೇ 1ಕ್ಕಿಂತ ಕಡಿಮೆ. ನೋಡೋಕೆ ಅಪ್ಪಟ ಐಬೀರಿಯನ್ ಮೊಲ. ಆದರೆ ಮೈಟೊಕಾಂಡ್ರಿಯದ ಡಿಎನ್‌ಎ ಅಪ್ಪನಿಂದ ಬರೋದಿಲ್ಲ, ತಾಯಿಂದ ಮಕ್ಕಳಿಗೆ ಇಡಿಯಾಗಿ ಬರುತ್ತೆ, ಭಾಗ ಆಗಲ್ಲ. ಹಾಗಾಗಿ ಏಳಲ್ಲ, ಸಾವಿರ ತಲೆಮಾರಾದ್ರೂ ಮುತ್ತಜ್ಜಿಯ ಅಜ್ಜಿಯ ಗುರುತು ಹಾಗೇ ಇರುತ್ತೆ. ನಮ್ಮ ಮನೆಗಳಲ್ಲಿ ವಂಶವೃಕ್ಷ ಬರೆಯುವಾಗ ಗಂಡಸರ ಹೆಸರು ಮಾತ್ರ ಬರೀತೀವಲ್ಲ, ಈ ಮೊಲಗಳದ್ದು ಅದರ ಉಲ್ಟಾ ಕಡತ.

ಇನ್ನು ಅಮೆರಿಕದ ಸ್ನೋಶೂ ಹೇರ್. ಚಳಿಗಾಲದಲ್ಲಿ ಇದು ಕಂದು ಕೂದಲು ಉದುರಿಸಿ ಬಿಳಿ ಕೋಟು ಹಾಕಿಕೊಳ್ಳುತ್ತೆ, ಹಿಮದಲ್ಲಿ ಕಾಣದಿರಲಿ ಅಂತ. ಆದರೆ ಪೆಸಿಫಿಕ್ ಕರಾವಳಿ ಕಡೆ ಹಿಮ ಹೆಚ್ಚು ದಿನ ನಿಲ್ಲಲ್ಲ. ಅಲ್ಲಿನ ಬಹಳ ಸ್ನೋಶೂ ಮೊಲಗಳು ಚಳಿಗಾಲದಲ್ಲೂ ಕಂದಾಗೇ ಇರ್ತವೆ. ಯಾಕೆ ಅಂತ ಮೊಂಟಾನಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಜೋನ್ಸ್, ಜೆಫ್ರಿ ಗುಡ್, ಸ್ಕಾಟ್ ಮಿಲ್ಸ್ ಮುಂತಾದವರು ಹುಡುಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಉತ್ತರ ಸಿಕ್ಕಿದ್ದು ಅಗೌಟಿ ಅನ್ನೋ ಒಂದು ಜೀನಿನಲ್ಲಿ. ಆ ಜೀನಿನ ಕಂದು ರೂಪ ಸ್ನೋಶೂ ಮೊಲದ ಸ್ವಂತದ್ದಲ್ಲ. ಪಕ್ಕದ ಬಯಲಿನ ಕರಿಬಾಲದ ಜ್ಯಾಕ್‌ರ‍್ಯಾಬಿಟ್‌ನಿಂದ ಬಂದದ್ದು. ಹೆಸರಲ್ಲಿ ರ‍್ಯಾಬಿಟ್ ಇದ್ದರೂ ಅದು ಹೇರ್, ಇಂಗ್ಲಿಷಿನವರ ಗೊಂದಲವೂ ಕಮ್ಮಿ ಇಲ್ಲ ಅಂತಾಯ್ತು. ಎಂದೋ ಒಂದು ಕಾಲದಲ್ಲಿ ಎರಡೂ ಕೂಡಿದವು, ಬಂದ ಜೀನುಗಳಲ್ಲಿ ಹೆಚ್ಚಿನವು ತಲೆಮಾರು ಕಳೆದಂತೆ ಸೋಸಿ ಹೋದವು, ಕೆಲಸಕ್ಕೆ ಬಂದ ಈ ಒಂದು ಉಳಿದು ಹರಡಿತು. ಇಡೀ ಬ್ರ್ಯಾಂಚ್ ಮರ್ಜ್ ಆಗಲಿಲ್ಲ, ಒಂದು ಕಮಿಟ್ ಚೆರಿ-ಪಿಕ್ ಆಯಿತು. ಈಗ ಭೂಮಿ ಬಿಸಿಯಾಗಿ ಹಿಮದ ದಿನಗಳು ಕಡಿಮೆಯಾಗ್ತಿವೆ. ಬರಿ ನೆಲದ ಮೇಲೆ ಬಿಳಿ ಕೋಟು ಹಾಕಿ ಕೂತ ಮೊಲ ದೂರದಿಂದಲೇ ಬೇಟೆಗಾರ ಪ್ರಾಣಿಗೆ ಕಾಣುತ್ತೆ. ಎರವಲು ತಂದ ಆ ಕಂದು ಜೀನೇ ಮುಂದೆ ಕಾಪಾಡಬಹುದು ಅನ್ನೋದು ಆ ತಂಡದ ಅಂದಾಜು. ಮರುವರ್ಷ ಯುರೋಪಿನ ಹಿಮ ಮೊಲದಲ್ಲೂ ಇಂಥದ್ದೇ ಸಿಕ್ಕಿತು. ಚಳಿಗಾಲದಲ್ಲಿ ಬಿಳಿಯಾಗದೆ ಬೂದಾಗಿ ಉಳಿಯೋ ಮೊಲಗಳ ಅಗೌಟಿ, ಐಬೀರಿಯನ್ ಮೊಲದ ಕಡೆಯಿಂದ ಬಂದದ್ದು. ಅಂದ್ರೆ ಇವರು ಅವರಿಗೆ ಮೈಟೊಕಾಂಡ್ರಿಯ ಕೊಟ್ಟರು, ಅವರು ಇವರಿಗೆ ಬಣ್ಣ ಕೊಟ್ಟರು. ಬೀಗರ ಮನೆ ವ್ಯವಹಾರ.

ಇಷ್ಟು ಓದಿದ ಮೇಲೆ ಬೆರಕೆ ಅಂದ್ರೆ ಒಳ್ಳೇದೇ ಅಂತ ಅನ್ನಿಸಿತ್ತು. ಐರ್ಲೆಂಡ್ ಆ ಉತ್ಸಾಹ ಇಳಿಸಿತು. ಅಲ್ಲಿಗೆ ಸ್ವಂತದ್ದೊಂದು ಮೊಲ ಇದೆ, ಹಿಮ ಮೊಲದ್ದೇ ಉಪಪ್ರಭೇದ, ಸಾವಿರಾರು ವರ್ಷದಿಂದ ಆ ದ್ವೀಪದಲ್ಲೇ ಇದ್ದದ್ದು. 19ನೇ ಶತಮಾನದಲ್ಲಿ ಜಮೀನುದಾರರು ಬೇಟೆಯ ಮೋಜಿಗೆ ಯುರೋಪಿನ ಕಂದು ಮೊಲ ತಂದು ಬಿಟ್ಟರು. ಉತ್ತರ ಐರ್ಲೆಂಡಿನ ಮಿಡ್ ಅಲ್‌ಸ್ಟರ್ ಭಾಗದಲ್ಲಿ ಅವು ನೆಲೆಯೂರಿವೆ, ಎರಡೂ ಬೆರೆತಿರೋದು ಡಿಎನ್‌ಎಯಲ್ಲಿ ಕಂಡಿದೆ. ಬಂದವರು ಬೆಳೆದು, ಇದ್ದವರು ಕರಗಿಹೋದರೆ ಆ ದ್ವೀಪದ ಮೊಲ ಇನ್ನೆಲ್ಲೂ ಸಿಗಲ್ಲ. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಮೊಲ ಬಿಟ್ಟು ತೋಳಕ್ಕೆ ಬರಬೇಕು. ಪುಣೆ ಹತ್ತಿರದ ಹುಲ್ಲುಗಾವಲಿನಲ್ಲಿ ಬಣ್ಣ ವಿಚಿತ್ರವಾಗಿದ್ದ ತೋಳಗಳು ಕಂಡವು. ಬೆಂಗಳೂರಿನ ಎನ್‌ಸಿಬಿಎಸ್, ಏಟ್ರೀ ಸಂಸ್ಥೆಗಳ ವಿಜ್ಞಾನಿಗಳು ಜೀನೋಮ್ ಓದಿ ನೋಡಿದಾಗ ಅವು ತೋಳ-ನಾಯಿ ಬೆರಕೆ ಅಂತ ಖಚಿತವಾಯಿತು, 2023ರಲ್ಲಿ ಪ್ರಕಟವಾಯಿತು. ಬೀದಿನಾಯಿ ಎಷ್ಟಿವೆ, ತೋಳ ಎಷ್ಟಿವೆ ಯೋಚನೆ ಮಾಡಿ. ಅಲ್ಲಿ ಬೆರೆಯೋದು ಅಂದ್ರೆ ಕೆರೆಗೆ ಒಂದು ಚೊಂಬು ಹಾಲು ಹಾಕಿದ ಹಾಗೆ, ತೋಳವೇ ಆ ಹಾಲು. ಹಾಗಾಗಿ ಬೆರಕೆ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋದೇ ತಪ್ಪು ಅಂತ ನನಗೆ ಅನ್ನಿಸ್ತು. ತಾವಾಗೇ ಬಂದು ಸೇರಿದ್ರಾ, ಯಾರೋ ತಂದು ಸುರಿದ್ರಾ, ಒಬ್ಬೊಬ್ಬರು ಎಷ್ಟೆಷ್ಟು ಮಂದಿ ಇದ್ರು, ಅದನ್ನು ಕೇಳಬೇಕು.

ನಮ್ಮ ಮೊಲದ್ದೂ ಒಂದು ಗಡಿ ವ್ಯಾಜ್ಯ ಇದೆ, ಅದು ಗೊತ್ತಾಗಿದ್ದು ನನಗೆ ಖುಷಿ. ದಕ್ಷಿಣದ ಮೊಲಕ್ಕೆ ಕತ್ತಿನ ಹಿಂದೆ ಕಪ್ಪು. ಉತ್ತರ ಭಾರತದ್ದಕ್ಕೆ ಆ ಕಪ್ಪಿಲ್ಲ, ಬಾಲ ಕೆಂಗಂದು. ಹಳೇ ಪುಸ್ತಕಗಳು ಇವೆರಡನ್ನು ಬೇರೆಬೇರೆ ಪ್ರಭೇದ ಅಂದವು, ಗಡಿ ಸುಮಾರಾಗಿ ಗೋದಾವರಿ ನದಿ ಅಂತ ಬರೆದವು. ಈಗ ಎರಡೂ ಒಂದೇ ಪ್ರಭೇದದ ಉಪಪ್ರಭೇದ ಅನ್ನೋದು ರೂಢಿ. ಮೊಲಕ್ಕೆ ಏನೂ ಆಗಿಲ್ಲ, ಅದು ಅದರ ಪಾಡಿಗೆ ಹುಲ್ಲು ತಿಂತಾ ಇತ್ತು. ಗೆರೆ ಎಳೆದದ್ದು, ಅಳಿಸಿದ್ದು ಎರಡೂ ನಾವೇ.

ಸಂಕ್ರಾಂತಿಗೆ ದಾವಣಗೆರೆಗೆ ಹೋದೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು, ಅಪ್ಪನ ಬೈಕು ತಗೊಂಡು ಹರಿಹರಕ್ಕೆ ಹೊರಟೆ. ಹದಿನಾಲ್ಕು ಕಿಲೋಮೀಟರ್. ನಾನು ಶಾಲೆಗೆ ಹೋಗುವಾಗ ಎರಡು ಊರಿನ ಮಧ್ಯೆ ಹೊಲ ಇತ್ತು. ಈಗ ಲೇಔಟ್ ಕಲ್ಲುಗಳು, ಶೋರೂಮು, ಕಲ್ಯಾಣ ಮಂಟಪ. ಅವಳಿ ನಗರ ಅಂತಾರೆ, ಇನ್ನು ಸ್ವಲ್ಪ ದಿನಕ್ಕೆ ಸಯಾಮಿ ಅವಳಿ ಆಗುತ್ತವೆ.

ಮಾವ ಖುಷಿಯಲ್ಲೇ ಇದ್ರು. ಎಳ್ಳು-ಬೆಲ್ಲ ಕೊಟ್ಟು ನೇರ ಶೆಡ್ಡಿಗೆ ಕರ್ಕೊಂಡು ಹೋದ್ರು. ಮರಿಗಳು ಕಣ್ಣು ಬಿಟ್ಟಿದ್ದವು. ನಾನು ವಾದಕ್ಕೆ ಸಿದ್ಧವಾಗಿ ಹೋಗಿದ್ದೆ, 31 ದಿನ, 17 ದಿನ, 44, 48. ಮಾವ ಹೇಳಿದ್ದು ಬೇರೆಯೇ. ‘ಯುಗಾದಿ ಹೊತ್ತಿಗೆ ದೊಡ್ಡವಾಗ್ತಾವೆ. ಕಂದು ನಾಲ್ಕನ್ನೂ ಕೊಂಡಜ್ಜಿ ಗುಡ್ಡದ ಕಡಿಗೆ ಬಿಟ್ಟು ಬರ್ತೀನಿ. ಕಾಡಿನ ಮಕ್ಕಳು ಕಾಡಿಗೆ ಹೋಗ್ಲಿ. ಹೊಸದುರ್ಗದ ಕಡೆ ಕಂಚೀಪುರದಾಗೆ ಸಂಕ್ರಾಂತಿಗೆ ಮೊಲ ಹಿಡಿದು ದೇವರ ಮುಂದೆ ಪೂಜೆ ಮಾಡಿ ಬಿಡಲ್ವಾ? ಪುಣ್ಯದ ಕೆಲಸ.’

ಇದು ನಾನು ನಿರೀಕ್ಷೆ ಮಾಡಿರಲಿಲ್ಲ. ಇಷ್ಟೊತ್ತು ಯಾರು ಸರಿ ಅನ್ನೋದು ಗ್ರೂಪಿನ ಮಾನದ ಪ್ರಶ್ನೆ ಆಗಿತ್ತು, ಈಗ ನಾಲ್ಕು ಮರಿಯ ಜೀವದ ಪ್ರಶ್ನೆ ಆಯ್ತು. ಕಂಚೀಪುರದಲ್ಲಿ ಬಿಡೋದು ಕಾಡಿನಿಂದಲೇ ತಂದ ಮೊಲ, ಅದಕ್ಕೆ ಕಾಡು ಗೊತ್ತು. ಇವು ಪಂಜರದಲ್ಲಿ ಕ್ಯಾರೆಟ್ ತಿಂದು ಬೆಳೆದ ರ‍್ಯಾಬಿಟ್. ಮೊದಲ ರಾತ್ರಿಯೇ ನಾಯಿ ಬಾಯಿಗೆ. ಅಕಸ್ಮಾತ್ ಉಳಿದರೆ ಅದೂ ತೊಂದರೆ. 1859ರಲ್ಲಿ ಆಸ್ಟ್ರೇಲಿಯಾದಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನುದಾರ ಬೇಟೆಗಂತ ಎರಡು ಡಜನ್ ರ‍್ಯಾಬಿಟ್ ಬಿಟ್ಟ, ಅಲ್ಲಿಯವರು ಇವತ್ತಿಗೂ ಅದರ ಕಂದಾಯ ಕಟ್ಟುತ್ತಿದ್ದಾರೆ.

ಮಾವನಿಗೆ ಮೊದಲು ದಿನದ ಲೆಕ್ಕ ಹೇಳಿದೆ. ಒಪ್ಪಲಿಲ್ಲ. ‘ನಿನ್ನ ಮೊಬೈಲ್ ಲೆಕ್ಕ ಮೊಲಕ್ಕೆ ಗೊತ್ತೈತೇನು?’ ವರ್ಣತಂತು ಹೇಳಿದೆ. ‘ದೇವರು ಮನಸು ಮಾಡಿದ್ರೆ 44 ಏನು, 48 ಏನು.’ ಬೆತ್ತಲೆ ಮರಿಯ ಮಾತು ಹೇಳಿದಾಗ ಮಾತ್ರ ಸುಮ್ಮನಾದ್ರು. ಚಿಕ್ಕಂದಿನಲ್ಲಿ ಅವರಪ್ಪನ ಜೊತೆ ಶೇಂಗಾ ಕೀಳೋಕೆ ಹೋದಾಗ ಹೊಲದಲ್ಲಿ ಮೊಲದ ಮರಿ ನೋಡಿದ್ರಂತೆ. ‘ಹೌದಲೇ, ಅದರ ಮೈಮ್ಯಾಗೆ ಕೂದಲಿತ್ತು. ಒಂದು ಅಂಗೈಯಷ್ಟಿತ್ತು, ನನ್ನನ್ನೇ ನೋಡಾಕತ್ತಿತ್ತು. ಅಪ್ಪ ಮುಟ್ಟಬ್ಯಾಡ ಅಂದ’ ಅಂದ್ರು. ಅಜ್ಜ ಹೇಳಿದ್ದು ಸರಿಯೇ. ತಾಯಿ ಮೊಲ ಹಗಲು ಮರಿ ಹತ್ತಿರ ಕೂರಲ್ಲ, ವಾಸನೆ ಹಿಡಿದು ನರಿ ಬರುತ್ತೆ ಅಂತ. ಒಂಟಿ ಮರಿ ಕಂಡರೆ ಅನಾಥ ಅಂದುಕೊಂಡು ಮನೆಗೆ ತರಬೇಡಿ. ಕಾಡು ಮೊಲ ಹಿಡಿಯೋದು, ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಊಟ ಆದ ಮೇಲೆ ಸ್ಪೇನಿನ ಮೊಲದ ಕತೆ ಹೇಳಿದೆ. ಅದನ್ನು ಮಾವ ಗಮನ ಇಟ್ಟು ಕೇಳಿದ್ರು. ‘ಅಂದ್ರೆ ಹೋದ ಮೊಲದ್ದು ಇನ್ನೂ ಐತಿ ಅಂತೀಯ.’ ಐತಿ. ‘ತಾಯಿ ಕಡಿಂದ.’ ಹೂಂ. ‘ಮೊಲಕ್ಕೆ ಗೊತ್ತಿಲ್ಲ.’ ಇಲ್ಲ. ಅಡಿಕೆ ಬಾಯಿಗೆ ಹಾಕ್ಕೊಂಡು ಹೊರಗೆ ಹೋದ್ರು. ನಾನು ಅಕ್ಕನ ಹೆಸರು ಎತ್ತಲಿಲ್ಲ. ಬ್ರೋಕಾ ಕತೆಯನ್ನೂ ಹೇಳಲಿಲ್ಲ, ಹಬ್ಬದ ದಿನ ಯಾಕೆ ಅಂತ.

ವಾಪಸ್ ಬರುವಾಗ ರಾತ್ರಿ ಒಂಬತ್ತೂವರೆ. ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಬರ್ತಿದ್ದೆ. ಇನ್ನೂ ಲೇಔಟ್ ಆಗದ ಒಂದು ತುಂಡು ಜಮೀನಿನ ಹತ್ತಿರ ಹೆಡ್‌ಲೈಟಿಗೆ ಎರಡು ಕಣ್ಣು ಹೊಳೆದವು. ಬೈಕ್ ನಿಲ್ಲಿಸಿದೆ. ನಿಜವಾದ ಹೊಲದ ಮೊಲ, ಉದ್ದ ಕಿವಿ. ಹೆದ್ದಾರಿ ಕಡೆಗೆ ಮುಖ ಮಾಡಿ ಕೂತಿತ್ತು. ಆ ಕಡೆ ಲಾರಿಗಳು ಒಂದರ ಹಿಂದೆ ಒಂದು, ಮಧ್ಯೆ ಡಿವೈಡರ್, ಅದರಾಚೆ ಮತ್ತೆ ಲಾರಿಗಳು, ಅದರಾಚೆ ಇನ್ನೊಂದು ಹೊಲ. ಜೀನ್ ಹರಿವು ಅಂತ ಪೇಪರ್‌ಗಳಲ್ಲಿ ಬರೆಯೋದು ಇಷ್ಟನ್ನೇ: ಒಂದು ಮೊಲ ಹುಟ್ಟಿದ ಜಾಗ ಬಿಟ್ಟು ಇನ್ನೊಂದು ಕಡೆ ಹೋಗಿ ಸಂಸಾರ ಹೂಡಬೇಕು. ಹಿಮಯುಗ ದಾಟಿ ಬಂದ ಗುರುತನ್ನು ನಿಲ್ಲಿಸೋಕೆ ಆಗಲಿಲ್ಲ, ಆದರೆ ಈ ರಸ್ತೆ ದಾಟೋದು ಬೇರೆ ಮಾತು. ಇಂಥ ಕಡೆ ಮೊಲ ಬೇರೆ ಪ್ರಭೇದದ ಜೊತೆ ಬೆರೆಯೋದಿರಲಿ, ರಸ್ತೆಯಾಚೆಯ ತನ್ನವರ ಜೊತೆ ಬೆರೆಯೋದೇ ಕಷ್ಟ. ಎರಡು ನಿಮಿಷ ಕಾದೆ. ಅದು ತಿರುಗಿ, ಬಂದ ಕಡೆಗೇ ಹೋಯಿತು. ಕತ್ತಿನ ಹಿಂದಿನ ಕಪ್ಪು ಒಂದು ಕ್ಷಣ ಕಂಡಿತು.

ಯುಗಾದಿ ಆಯ್ತು. ಮಾವ ಕೊಂಡಜ್ಜಿಗೆ ಹೋಗಲಿಲ್ಲ. ಊರಲ್ಲಿ ಕೇಳಿದವರಿಗೆಲ್ಲ ಇನ್ನೂ ‘ಕಾಡು ಮೊಲದ ಕ್ರಾಸ್’ ಅಂತಲೇ ಹೇಳ್ತಾರಂತೆ, ಅತ್ತೆ ಫೋನಿನಲ್ಲಿ ನಗ್ತಾ ಹೇಳಿದ್ರು. ಮೂರು ಮರಿ ಪರಿಚಯದವರ ಮನೆ ಸೇರಿವೆ.

ಹೋದ ಭಾನುವಾರ ಗ್ರೂಪಿನಲ್ಲಿ ಮಾವನ ಮೆಸೇಜು ಬಂತು. ಕಂದು ಮರಿಯ ಫೋಟೊ, ಈಗ ದೊಡ್ಡದಾಗಿದೆ, ಒಂದು ಕಿವಿ ಮಡಚಿಕೊಂಡಿದೆ. ಕೆಳಗೆ ಎರಡು ಸಾಲು: ‘ಇದು ಮೈಸೂರಿನ ಪಾಪುಗೆ. ಯಾರಾದ್ರೂ ಆ ಕಡೆ ಹೋಗೋರಿದ್ರೆ ತಿಳಿಸಿ.’

ಮೈಸೂರಿನಲ್ಲಿರೋದು ಅಕ್ಕ. ಪಾಪುಗೆ ಈಗ ಮೂರು ವರ್ಷ, ಮಾವ ಇನ್ನೂ ನೋಡಿಲ್ಲ. ಅಕ್ಕ ಮೆಸೇಜ್ ನೋಡಿದ್ದಾಳೆ. ಅವಳ ಹೆಸರಿನ ಮುಂದೆ ‘ಟೈಪಿಂಗ್’ ಅಂತ ಎರಡು ಸಲ ಬಂದು ಹೋಯಿತು.